ಹೇಳಲಾರದ ತುರಿಕೆ

ಮೂರು ವರ್ಷಗಳ ಹಿಂದಿನ ಮಾತು. ನಡುರಾತ್ರಿಯಲ್ಲಿ ನನಗೆ ಎಚ್ಚರವಾದಾಗಲೆಲ್ಲ ಬಚ್ಚಲುಮನೆಯಲ್ಲಿ ದೀಪ ಉರಿಯುತ್ತಿರುವುದು ಕಾಣುತ್ತಿತ್ತು. ಒಳಗೆ ಚೊಂಬಿನಿಂದ ತಣ್ಣೀರು ಸುರಿದುಕೊಳ್ಳುವ ಸದ್ದು. ಸ್ವಲ್ಪ ಹೊತ್ತಿಗೆ ದೀಪ ಆರುತ್ತಿತ್ತು. ನಮ್ಮ ಅತ್ತೆಯವರು ಸದ್ದಾಗದಂತೆ ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹಿಂದಿರುಗುತ್ತಿದ್ದರು. “ನಿದ್ದೆ ಬರಲಿಲ್ಲವೇ ಅತ್ತೆ?” ಎಂದರೆ, “ಸೆಕೆ ಕಣಮ್ಮ” ಎಂಬ ಉತ್ತರ. ಆಗ ಪುಷ್ಯಮಾಸದ ಚಳಿ!

ಆಮೇಲೆ ಒಂದೊಂದಾಗಿ ಇತರ ಸಂಗತಿಗಳೂ ಕಣ್ಣಿಗೆ ಬಿದ್ದವು. ಸಂಕ್ರಾಂತಿ ಬಂತೆಂದರೆ ಮಣೆಯ ಮೇಲೆ ಗಂಟೆಗಟ್ಟಲೆ ಕುಳಿತು ಕೊಬ್ಬರಿ, ಬೆಲ್ಲ ಹೆಚ್ಚುತ್ತಿದ್ದವರು ಆ ಸಲ ಐದೈದು ನಿಮಿಷಕ್ಕೊಮ್ಮೆ ಏಳುತ್ತಿದ್ದರು. ಬಸ್ಸಿನಲ್ಲಿ ದೂರದ ಪ್ರಯಾಣವೆಂದರೆ ಏನಾದರೊಂದು ನೆಪ. ಕೊನೆಗೆ ಒಂದು ಮಧ್ಯಾಹ್ನ, ಮನೆಯಲ್ಲಿ ಗಂಡಸರಾರೂ ಇಲ್ಲದ ಹೊತ್ತು ನೋಡಿ, ನಾನೇ ಬಾಗಿಲು ಮುಂದೆ ಮಾಡಿ ಕೇಳಿದೆ. ಅವರು ಬಹಳ ಹೊತ್ತು ಸೆರಗಿನ ತುದಿಯನ್ನು ಮಡಿಸುತ್ತ, ಬಿಡಿಸುತ್ತ ಕುಳಿತಿದ್ದರು. “ಕೆಳಗಡೆ ತುರಿಕೆ ಕಣಮ್ಮ. ಐದು ವರ್ಷ ಆಯಿತು. ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ” ಎಂದರು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಮನೆಮಂದಿಯೆಲ್ಲ ಓದುತ್ತಾರೆಂದೇ ಇಲ್ಲಿ ಬರೆಯುತ್ತಿದ್ದೇನೆ. ಅತ್ತೆಯವರ ಒಪ್ಪಿಗೆಯನ್ನೂ ಪಡೆದಿದ್ದೇನೆ. “ಹೆಸರು ಮಾತ್ರ ಹಾಕಬೇಡ, ಮಿಕ್ಕದ್ದೆಲ್ಲ ಬರಿ. ನನ್ನ ಹಾಗೆ ಇನ್ನೆಷ್ಟು ಜನ ಇದ್ದಾರೋ” ಎಂದರು.

ಆ ಐದು ವರ್ಷಗಳಲ್ಲಿ ಅವರು ಸುಮ್ಮನೆ ಕುಳಿತಿರಲಿಲ್ಲ. ಮೊದಲು ಕೊಬ್ಬರಿ ಎಣ್ಣೆ ಮತ್ತು ಅರಿಸಿನ. ಅನಂತರ, ಮೈಲಿಗೆಯಿಂದ ಬಂದದ್ದೆಂಬ ಭಾವನೆಯಿಂದ, ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ತೊಳೆಯುವುದು. ಬಿಸಿನೀರಿಗೆ ಕ್ರಿಮಿನಾಶಕ ದ್ರವ ಬೆರೆಸುವುದು. ಔಷಧದ ಅಂಗಡಿಯವನು ಕೊಟ್ಟ ತುರಿಕೆಯ ಮುಲಾಮು. ವೈದ್ಯರೊಬ್ಬರು ‘ತುರಿಕೆ’ ಎಂಬ ಮಾತನ್ನು ಕೇಳಿದೊಡನೆಯೇ ಬೂಷ್ಟು ಸೋಂಕೆಂದು ತೀರ್ಮಾನಿಸಿ ಮಾತ್ರೆ ಬರೆದುಕೊಟ್ಟರು. ಇನ್ನೊಬ್ಬರು ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತಪರೀಕ್ಷೆ ಮಾಡಿಸಿದರು, ಇರಲಿಲ್ಲ. ಮೂರನೆಯವರು, ಅವರೂ ಒಬ್ಬ ಮಹಿಳೆಯೇ, “ಬಿಳಿ ಸೆರಗು ಹೋಗುತ್ತದೆಯೇ?” ಎಂದು ಕೇಳಿ ಮತ್ತೊಂದು ಬಗೆಯ ಮಾತ್ರೆ ಕೊಟ್ಟರು. ಒಂದೊಂದರಿಂದಲೂ ಹತ್ತು ಹದಿನೈದು ದಿನ ಹಾಯೆನಿಸುವುದು, ಮತ್ತೆ ಮೊದಲಿನಂತೆಯೇ.

“ಇಷ್ಟು ಜನರಲ್ಲಿ ಒಬ್ಬರಾದರೂ ಆ ಜಾಗವನ್ನು ನೋಡಿದರೇ ಅತ್ತೆ?” ಎಂದು ಕೇಳಿದೆ.

“ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ನೀವಾದರೂ ನೋಡಿಕೊಂಡಿರಾ?”

“ಶಿವ ಶಿವಾ!” ಎಂದು ಮುಖ ತಿರುಗಿಸಿದರು.

ಈ ಮೂರು ಮಾತುಗಳಲ್ಲಿ ಆ ಐದು ವರ್ಷಗಳ ಕಥೆಯೆಲ್ಲ ಅಡಗಿದೆ. ಏಕೆಂದರೆ ಅವರಿಗಿದ್ದದ್ದು ನೋಡಿದೊಡನೆಯೇ ಬಹುಪಾಲು ಗುರುತು ಸಿಕ್ಕುವ ರೋಗ. ನೋಡದೆ ಮಾತ್ರ ಯಾವ ಮೇಧಾವಿಯೂ ಅದನ್ನು ಹೇಳಲಾರ.

ಫಲಕದ ಮುಂದೆ

ಚರ್ಮವೈದ್ಯರ ಬಳಿಗೆ ಕರೆದೊಯ್ಯುವುದೂ ಸುಲಭವಾಗಲಿಲ್ಲ. ನಮ್ಮ ದೇಶದಲ್ಲಿ ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ ಈ ಮೂರೂ ಸೇರಿ ವೈದ್ಯಶಾಸ್ತ್ರದ ಒಂದೇ ವಿಭಾಗ. ಮೂರಕ್ಕೂ ಒಂದೇ ಪದವಿ. ಆಸ್ಪತ್ರೆಯ ಬಾಗಿಲ ಮೇಲಿನ ಫಲಕದಲ್ಲಿಯೂ ಮೂರು ಹೆಸರುಗಳು ಒಟ್ಟಿಗೆ ರಾರಾಜಿಸುತ್ತಿರುತ್ತವೆ. ಅತ್ತೆಯವರು ಅದನ್ನು ಓದಿ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. “ನಾನೇನು ಕೆಟ್ಟ ಕೆಲಸ ಮಾಡಿದ್ದೇನೆಯೇ? ಯಾರಾದರೂ ಗುರುತಿನವರು ನೋಡಿದರೆ?” ಎಂದವರನ್ನು ಒಳಗೆ ಕರೆದುಕೊಂಡು ಹೋಗಬೇಕಾದರೆ ನನಗೆ ಸಾಕುಬೇಕಾಯಿತು. ಹೆಸರುಗಳನ್ನು ಬೇರೆ ಬೇರೆ ಬಾಗಿಲಿಗೆ ಹಾಕಿದ್ದರೆ ಎಷ್ಟೋ ಜನ ಮೆಟ್ಟಿಲಿಂದ ಹಿಂದಿರುಗುವುದು ತಪ್ಪುತ್ತಿತ್ತೆಂದು ನನಗೆ ಅಂದು ಅನ್ನಿಸಿತು, ಇಂದಿಗೂ ಅನ್ನಿಸುತ್ತದೆ.

ಒಳಗಿದ್ದ ವೈದ್ಯೆ ನನಗಿಂತ ಚಿಕ್ಕ ವಯಸ್ಸಿನವರು. ಎಲ್ಲವನ್ನೂ ಕೇಳಿಕೊಂಡು, “ಅಮ್ಮಾ, ಪರದೆಯ ಹಿಂದೆ ಹಾಸಿಗೆಯಿದೆ. ಬನ್ನಿ, ಒಮ್ಮೆ ನೋಡಿಬಿಡೋಣ” ಎಂದರು. ಹೆಚ್ಚೆಂದರೆ ಎರಡು ನಿಮಿಷ. ಹೊರಗೆ ಬಂದು ಕೈ ತೊಳೆಯುತ್ತ ಅವರು ಹೇಳಿದ ಹೆಸರು ‘ಲೈಕೆನ್ ಸ್ಕ್ಲೆರೋಸಸ್’.

ಲೈಕೆನ್ ಎಂದರೆ ಬೇರೇನಲ್ಲ, ನಾವು ಮಸಾಲೆಗೆ ಹಾಕುವ ಕಲ್ಲುಹೂವು. ಬಂಡೆಯ ಮೇಲೆ ಕಲ್ಲುಹೂವು ಹಬ್ಬಿದಂತೆ ಚರ್ಮದ ಮೇಲೆ ಹರಡಿ ಕಾಣುವ ಕೆಲವು ರೋಗಗಳಿಗೆ ಪಾಶ್ಚಾತ್ಯ ವೈದ್ಯರು ಹಿಂದಿನಿಂದಲೂ ಆ ಹೆಸರನ್ನು ಬಳಸಿದರು. ಹೋಲಿಕೆ ಹೆಸರಿನಲ್ಲಿ ಮಾತ್ರ. ಇದರಲ್ಲಿ ಬೂಷ್ಟೂ ಇಲ್ಲ, ಕ್ರಿಮಿಯೂ ಇಲ್ಲ. ‘ಸ್ಕ್ಲೆರೋಸಸ್’ ಎಂಬ ಮಾತು ಚರ್ಮ ಬಿರುಸಾಗುವುದನ್ನು ಸೂಚಿಸುತ್ತದೆ.

ಎಂಟರ ಅಂಕಿ

ವೈದ್ಯೆ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಈ ರೋಗದಲ್ಲಿ ಯೋನಿಯ ಹೊರಭಾಗದ ಸುತ್ತ ಒಂದು ಬಿಳಿಯ ವರ್ತುಲ, ಗುದದ್ವಾರದ ಸುತ್ತ ಇನ್ನೊಂದು. ಎರಡೂ ಕೂಡಿ 8ರ ಅಂಕಿಯಂತೆ ಕಾಣುವುದುಂಟು. (ಕನ್ನಡದ ಎಂಟಲ್ಲ, ಗಡಿಯಾರದ ಎಂಟು.) ಎಲ್ಲರಲ್ಲಿಯೂ ಆಕೃತಿ ಇಷ್ಟು ಸ್ಫುಟವಾಗಿ ಇರಬೇಕೆಂದಿಲ್ಲ. ಕೆಲವರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಯ ಮಚ್ಚೆಯಷ್ಟೇ ಇದ್ದೀತು. ಆ ಬಿಳುಪಿನ ಚರ್ಮವನ್ನು ಬೆಳಕಿನಲ್ಲಿ ನೋಡಿದರೆ, ತಣಿದ ಹಾಲಿನ ಕೆನೆಯಂತೆ ತೆಳುವಾಗಿ ನವುರಾದ ಸುಕ್ಕುಗಳಿರುತ್ತವೆ. ಸ್ವಲ್ಪ ಉಜ್ಜಿದರೂ ಚರ್ಮದಡಿಯಲ್ಲಿ ರಕ್ತ ಒಸರಿ ಕೆಂಪು, ನೇರಳೆ ಬಣ್ಣದ ಕಲೆಗಳಾಗುತ್ತವೆ. ಚರ್ಮ ಬಿರಿಯುತ್ತದೆ. ಬಿರುಕಿಗೆ ಮೂತ್ರ ತಗುಲಿದಾಗ ಆಗುವ ಉರಿಯನ್ನು ಅನುಭವಿಸಿದವರೇ ಹೇಳಬೇಕು.

ತುರಿಕೆಯೇ ಮೊದಲ ಲಕ್ಷಣ. ರಾತ್ರಿಯಲ್ಲಿ ಅದು ಹೆಚ್ಚು. ಕೆಲವರಿಗೆ ತುರಿಕೆಯೇ ಇಲ್ಲದೆ ದಾಂಪತ್ಯದಲ್ಲಿ ನೋವು ಮಾತ್ರ ಕಾಣಿಸಿಕೊಳ್ಳಬಹುದು. ಇನ್ನು ಕೆಲವರಿಗೆ ಏನೂ ತಿಳಿಯದೆಯೇ ರೋಗ ಒಳಗೊಳಗೆ ಮುಂದುವರಿಯುತ್ತದೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಒಳತುಟಿಗಳು ಕ್ರಮೇಣ ಕರಗಿ ಪಕ್ಕದ ಚರ್ಮಕ್ಕೆ ಅಂಟಿಕೊಳ್ಳುತ್ತವೆ, ಭಗಾಂಕುರವೆಂಬ ಪುಟ್ಟ ಅವಯವ ಚರ್ಮದಡಿಯಲ್ಲಿ ಹೂತುಹೋಗುತ್ತದೆ, ಯೋನಿದ್ವಾರ ಕಿರಿದಾಗುತ್ತದೆ. ಹೀಗೆ ಕಳೆದುಹೋದ ಆಕಾರವನ್ನು ಮುಲಾಮು ಮರಳಿ ತಂದುಕೊಡಲಾರದು. ಬೇಗ ಗುರುತಿಸಬೇಕೆನ್ನುವುದು ಇದಕ್ಕಾಗಿ.

ಈ ರೋಗ ಹೆಚ್ಚಾಗಿ ಕಾಣುವುದು ಮುಟ್ಟು ನಿಂತ ಸ್ತ್ರೀಯರಲ್ಲಿ. ಮತ್ತೊಂದು ಗುಂಪು, ಕೇಳಿದರೆ ಆಶ್ಚರ್ಯವಾದೀತು, ಇನ್ನೂ ಮೈನೆರೆಯದ ಹೆಣ್ಣುಮಕ್ಕಳು. ಐದಾರು ವರ್ಷದ ಮಗು ಮಲವಿಸರ್ಜನೆಗೆ ಹೋಗಲು ಅಳುತ್ತದೆ, ತಡೆದುಕೊಳ್ಳುತ್ತದೆ, ಮಲಬದ್ಧತೆಯೆಂದು ತಾಯಿ ಹರಳೆಣ್ಣೆ ಕುಡಿಸುತ್ತಾಳೆ. ನಿಜವಾದ ಕಾರಣ ಗುದದ್ವಾರದ ಬಿರುಕು. ಜಂತುಹುಳುವೆಂದು ಔಷಧ ಕೊಡುವುದೂ ಉಂಟು. ಮಗುವಿನ ಆ ಭಾಗದಲ್ಲಿ ರಕ್ತದ ಕಲೆಗಳನ್ನು ಕಂಡು ಯಾರೋ ದುಷ್ಕೃತ್ಯವೆಸಗಿರಬೇಕೆಂದು ಶಂಕಿಸಿ, ಮನೆಮಂದಿಯೆಲ್ಲ ತಲ್ಲಣಗೊಂಡ ಪ್ರಸಂಗಗಳು ಹಲವು ದೇಶಗಳ ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಹಾಗೆಂದು ಅಂಥ ಶಂಕೆಯನ್ನು ತಳ್ಳಿಹಾಕಲೂ ಆಗದು. ರೋಗವಿದ್ದ ಮಾತ್ರಕ್ಕೆ ದುಷ್ಕೃತ್ಯ ನಡೆದಿಲ್ಲವೆಂದು ಸಿದ್ಧವಾಗುವುದಿಲ್ಲ. ತಿಳಿದ ವೈದ್ಯರು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕಾಗುತ್ತದೆ.

ಗಂಡಸರಿಗೂ ಇದು ಬರುತ್ತದೆ. ಅವರೂ ನಮ್ಮಷ್ಟೇ ಮೌನಿಗಳು. ಶಿಶ್ನದ ಮುಂದೊಗಲು ಬಿಳಿಚಿ ಬಿಗಿಯಾಗುತ್ತದೆ, ಹಿಂದಕ್ಕೆ ಸರಿಯುವುದಿಲ್ಲ, ಬಿರಿಯುತ್ತದೆ. ಮೂತ್ರದ ಧಾರೆ ಸಣ್ಣದಾಗಬಹುದು. ಮೊದಲು ಸರಿಯಾಗಿಯೇ ಇದ್ದ ಮುಂದೊಗಲು ನಡುವಯಸ್ಸಿನಲ್ಲಿ ಬಿಗಿಯತೊಡಗಿದರೆ ವೈದ್ಯರಿಗೆ ತೋರಿಸಲೇಬೇಕು. ಸಕ್ಕರೆ ಕಾಯಿಲೆಯಿಂದಲೂ ಹಾಗಾಗುವುದುಂಟಾದ್ದರಿಂದ ಅದರ ಪರೀಕ್ಷೆಯೂ ಆಗಬೇಕು. ಅವರಿಗೂ ಮೊದಲು ಮುಲಾಮು. ಅದಕ್ಕೆ ಬಗ್ಗದಿದ್ದರೆ ಮುಂದೊಗಲನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯಿಂದ ಅನೇಕರಿಗೆ ಗುಣವಾಗುತ್ತದೆ.

ಯಾವುದು ಅಲ್ಲ?

ಅತ್ತೆಯವರು ಮೊದಲು ಕೇಳಿದ ಪ್ರಶ್ನೆ, “ಇದು ಅಂಟುರೋಗವೇ?” ಅಲ್ಲ. ಗಂಡನಿಂದ ಹೆಂಡತಿಗಾಗಲಿ, ಹೆಂಡತಿಯಿಂದ ಗಂಡನಿಗಾಗಲಿ, ತಾಯಿಯಿಂದ ಮಗುವಿಗಾಗಲಿ ಇದು ಅಂಟುವುದಿಲ್ಲ. ಕೊಳಕಿನಿಂದಲೂ ಬರುವುದಿಲ್ಲ, ನಡತೆಯಿಂದಲೂ ಬರುವುದಿಲ್ಲ. ಶರೀರದ ರಕ್ಷಣಾಶಕ್ತಿಯೇ ದಾರಿ ತಪ್ಪಿ ತನ್ನ ಚರ್ಮದ ಮೇಲೆ ತಿರುಗಿಬೀಳುವುದರಿಂದ ಇದು ಉಂಟಾಗುತ್ತದೆಂದು ವೈದ್ಯರ ಬಲವಾದ ಅಭಿಪ್ರಾಯ. ಈ ರೋಗವುಳ್ಳ ಸ್ತ್ರೀಯರಲ್ಲಿ ಥೈರಾಯ್ಡ್ ಗ್ರಂಥಿಯ ತೊಂದರೆ ಹೆಚ್ಚಾಗಿ ಕಾಣುವುದೂ, ಒಂದೇ ಮನೆತನದಲ್ಲಿ ಇಬ್ಬರು ಮೂವರಿಗೆ ಬರುವುದೂ ಆ ಅಭಿಪ್ರಾಯಕ್ಕೆ ಪುಷ್ಟಿ ಕೊಡುತ್ತದೆ. ಸೋಪು, ಕ್ರಿಮಿನಾಶಕ, ಬಿಗಿಯಾದ ಉಡುಪು ಇವು ರೋಗವನ್ನು ಹುಟ್ಟಿಸುವುದಿಲ್ಲ. ಇದ್ದ ರೋಗವನ್ನು ಕೆರಳಿಸುತ್ತವೆ. ಪಾಪ, ಅತ್ತೆಯವರು ಮಡಿಯೆಂದು ತೊಳೆದದ್ದೇ ತೊಳೆದದ್ದು!

ಎರಡನೆಯ ಪ್ರಶ್ನೆ, “ತೊನ್ನೇ?” ಬಿಳುಪೆಂದರೆ ನಮ್ಮವರಿಗೆ ಮೊದಲು ಹೊಳೆಯುವುದು ಅದೇ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ. ಚರ್ಮ ನುಣುಪಾಗಿಯೇ ಇರುತ್ತದೆ, ಸುಕ್ಕು ಬಿರುಕುಗಳಾಗಲಿ, ಇಂಥ ತುರಿಕೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಬೂಷ್ಟು ಸೋಂಕಿನಲ್ಲಿ ಆ ಭಾಗ ಕೆಂಪೇರಿ ಮೊಸರಿನ ಗಸಿಯಂಥ ಸ್ರಾವವಿರುತ್ತದೆ. ಮುಖ್ಯವಾದ ಮಾತೊಂದನ್ನು ವೈದ್ಯೆ ಹೇಳಿದರು: ಮುಟ್ಟು ನಿಂತು, ಸಕ್ಕರೆ ಕಾಯಿಲೆಯೂ ಇಲ್ಲದೆ, ಹಾರ್ಮೋನು ಔಷಧವನ್ನೂ ಸೇವಿಸದ ಸ್ತ್ರೀಗೆ ಬೂಷ್ಟು ಸೋಂಕು ಪದೇ ಪದೇ ಬರುವುದು ಅಪರೂಪ. ಅಂಥವರಿಗೆ ಎರಡು ಮೂರು ಸಲ ಆ ಮಾತ್ರೆಯನ್ನೇ ಬರೆದುಕೊಟ್ಟಿದ್ದರೆ, “ಒಮ್ಮೆ ಪರೀಕ್ಷಿಸಿ ನೋಡಿ” ಎಂದು ಕೇಳುವ ಹೊತ್ತು ಬಂದಿದೆಯೆಂದೇ ಅರ್ಥ. ‘ಲೈಕೆನ್ ಪ್ಲೇನಸ್’ ಎಂಬ ದಾಯಾದಿ ರೋಗವೊಂದುಂಟು. ಅದು ಯೋನಿಯ ಒಳಭಾಗಕ್ಕೂ ಬಾಯಿಗೂ ಹರಡುವಂಥದು. ಆದ್ದರಿಂದಲೇ ವೈದ್ಯೆ ಅತ್ತೆಯವರ ಬಾಯಿ ತೆರೆಸಿ ನೋಡಿದಾಗ, “ಕೆಳಗಿನ ರೋಗಕ್ಕೆ ಬಾಯಿ ಏಕೆ?” ಎಂದು ಅವರು ಬೆರಗಾದದ್ದು.

ಲಕ್ಷಣಗಳು ಸ್ಪಷ್ಟವಾಗಿದ್ದರೆ ನೋಟವೇ ಸಾಕು. ಮಕ್ಕಳಲ್ಲಂತೂ ಅಷ್ಟಕ್ಕೇ ನಿಲ್ಲಿಸುತ್ತಾರೆ. ಸಂದೇಹವಿದ್ದರೆ, ಮುಲಾಮಿಗೆ ಬಗ್ಗದಿದ್ದರೆ, ಗಂಟು ಅಥವಾ ಮಾಯದ ಹುಣ್ಣು ಇದ್ದರೆ, ಚರ್ಮದ ತುಣುಕನ್ನು ತೆಗೆದು ಪರೀಕ್ಷಿಸುತ್ತಾರೆ. ಅತ್ತೆಯವರ ಒಂದು ಬಿರುಕು ತಿಂಗಳುಗಳಿಂದ ಮಾಯ್ದಿರಲಿಲ್ಲವಾದ್ದರಿಂದ ಅವರಿಗೂ ಅದನ್ನು ಮಾಡಿದರು. ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಸುಮಾರು 4 ಮಿಲಿಮೀಟರಿನಷ್ಟು ಚರ್ಮ ತೆಗೆದು, ಒಂದು ಹೊಲಿಗೆ ಹಾಕಿ ಅರ್ಧ ಗಂಟೆಯಲ್ಲಿ ಮನೆಗೆ ಕಳುಹಿಸಿದರು. ವರದಿ ಬರಲು ಎಂಟು ದಿನ. ಆ ಎಂಟು ದಿನ ಅತ್ತೆಯವರು ಹೆಚ್ಚು ಮಾತನಾಡಲಿಲ್ಲ. ಒಡವೆಯ ಪೆಟ್ಟಿಗೆಯನ್ನು ತೆಗೆದು, ಯಾವುದು ಯಾವ ಮೊಮ್ಮಗಳಿಗೆಂದು ನನಗೆ ಹೇಳಿದರು. ವರದಿಯಲ್ಲಿದ್ದದ್ದು ಇಷ್ಟು: ಚರ್ಮದ ಮೇಲ್ಪದರ ತೆಳುವಾಗಿದೆ, ಅದರ ಕೆಳಗೆ ಬಿಳಿಚಿದ, ಗಾಜಿನಂತೆ ನಯವಾದ ಪಟ್ಟಿ, ಅದರ ಕೆಳಗೆ ಬಿಳಿ ರಕ್ತಕಣಗಳ ಸಾಲು. ಲೈಕೆನ್ ಸ್ಕ್ಲೆರೋಸಸ್ ನಿಜ, ಕ್ಯಾನ್ಸರ್ ಇಲ್ಲ.

ಕ್ಯಾನ್ಸರಿನ ಮಾತು ಬಂತಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಈ ರೋಗ ಕ್ಯಾನ್ಸರ್ ಅಲ್ಲ. ಆದರೆ ಚಿಕಿತ್ಸೆಯಿಲ್ಲದೆ ಬಿಟ್ಟ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಐದು ಮಂದಿಗಿಂತ ಕಡಿಮೆ ಜನರಿಗೆ ಆ ಜಾಗದಲ್ಲಿ ಕ್ಯಾನ್ಸರ್ ಹುಟ್ಟಬಹುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 507 ಮಂದಿ ಸ್ತ್ರೀಯರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಧೈರ್ಯ ಕೊಡುತ್ತದೆ. ಹೇಳಿದಂತೆ ಮುಲಾಮು ಹಚ್ಚಿಕೊಂಡ 357 ಮಂದಿಯಲ್ಲಿ ಒಬ್ಬರಿಗೂ ಕ್ಯಾನ್ಸರ್ ಬರಲಿಲ್ಲ. ಹಚ್ಚಿಯೂ ಹಚ್ಚದೆಯೂ ಉದಾಸೀನ ಮಾಡಿದ 150 ಮಂದಿಯಲ್ಲಿ 7 ಮಂದಿಗೆ ಬಂತು.

ಹೆಸರುಗಳ ಗೊಂದಲ

ನಮ್ಮ ವೈದ್ಯರನ್ನಷ್ಟೇ ದೂರುವುದು ನ್ಯಾಯವಲ್ಲ. ಈ ರೋಗ ಪಾಶ್ಚಾತ್ಯ ದೇಶಗಳಲ್ಲಿಯೂ ಬಹುಕಾಲ ಕಣ್ಣುಮುಚ್ಚಾಲೆಯಾಡಿದೆ. ಬ್ರೈಸ್ಕಿ ಎಂಬ ಸ್ತ್ರೀರೋಗತಜ್ಞರು 1885ರಲ್ಲಿ ಜನನಾಂಗದ ಚರ್ಮ ಮುದುಡುವುದನ್ನು ವರ್ಣಿಸಿ ಒಂದು ಹೆಸರಿಟ್ಟರು. ಎರಡು ವರ್ಷಗಳ ಅನಂತರ, 1887ರಲ್ಲಿ, ಪ್ಯಾರಿಸಿನ ಚರ್ಮವೈದ್ಯ ಹಾಲೋಪೋ ಇನ್ನೊಂದು ಹೆಸರಿಟ್ಟರು. 1928ರಲ್ಲಿ ಸ್ಟ್ಯೂಮರ್ ಗಂಡಸರಲ್ಲಿ ಕಂಡದ್ದಕ್ಕೆ ಉಚ್ಚರಿಸಲೂ ಕಷ್ಟವಾದ ಮೂರು ಪದಗಳ ಹೆಸರು ಕೊಟ್ಟರು. ಸ್ತ್ರೀರೋಗದ ವೈದ್ಯರದು ಒಂದು ಭಾಷೆ, ಚರ್ಮವೈದ್ಯರದು ಒಂದು, ಶಸ್ತ್ರವೈದ್ಯರದು ಮತ್ತೊಂದು. ಸ್ತ್ರೀಯರ ಈ ರೋಗಗಳನ್ನು ಅಭ್ಯಸಿಸುವ ಅಂತಾರಾಷ್ಟ್ರೀಯ ಸಂಘವೊಂದು ಹೆಸರುಗಳನ್ನು ಒಂದು ಕ್ರಮಕ್ಕೆ ತಂದದ್ದು 1976ರಲ್ಲಿ. ಈ ನಡುವೆ, ಬಿಳುಪೆಲ್ಲ ಕ್ಯಾನ್ಸರಿನ ಮುನ್ಸೂಚನೆಯೆಂದು ಹೆದರಿ ಆ ಭಾಗವನ್ನೇ ಕತ್ತರಿಸಿಹಾಕಿಸಿಕೊಂಡ ಸ್ತ್ರೀಯರಿದ್ದರು. ಗಾಯ ಮಾಯ್ದಮೇಲೆ ಅದೇ ಜಾಗದಲ್ಲಿ ರೋಗ ಮತ್ತೆ ಹುಟ್ಟಿತು. ಪುರುಷ ಹಾರ್ಮೋನಿನ ಮುಲಾಮಿನ ಕಾಲವೂ ಒಂದು ಬಂದು ಹೋಯಿತು. 1990ರ ದಶಕದಲ್ಲಿ ಪ್ರಬಲವಾದ ಸ್ಟಿರಾಯ್ಡ್ ಮುಲಾಮು ಬಳಕೆಗೆ ಬಂದ ಮೇಲೆಯೇ ರೋಗಿಗಳು ನೆಮ್ಮದಿಯಾಗಿ ನಿದ್ರಿಸಿದ್ದು.

ಆ ಮುಲಾಮಿನ ಹೆಸರು ಕ್ಲೋಬೆಟಸಾಲ್, 0.05 ಶೇಕಡ. ಬೆಲೆಯೂ ಹೆಚ್ಚಲ್ಲ. ಸಾಮಾನ್ಯವಾದ ಕ್ರಮವೆಂದರೆ ಮೊದಲ ತಿಂಗಳು ಪ್ರತಿ ರಾತ್ರಿ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆರಡು ಸಲ. 30 ಗ್ರಾಮಿನ ಒಂದು ಟ್ಯೂಬು ಮೂರು ತಿಂಗಳಿಗೆ ಸಾಕಾಗಬೇಕು. ಅನಂತರವೂ ಬಹುಮಂದಿಗೆ ವಾರಕ್ಕೊಂದೆರಡು ಸಲ ಬೇಕಾಗುತ್ತದೆ, ಏಕೆಂದರೆ ರೋಗ ಹತೋಟಿಗೆ ಬರುತ್ತದೆಯೇ ಹೊರತು ಬುಡಸಹಿತ ಹೋಗುವುದಿಲ್ಲ. ಸೋಪಿನ ಬದಲು ಮೃದುವಾದ ಲೇಪನ.

ಇಲ್ಲೊಂದು ವಿಚಿತ್ರವುಂಟು. ಅಂಗಡಿಯವನು ಅತ್ತೆಯವರಿಗೆ ಹಿಂದೆ ಕೊಟ್ಟಿದ್ದ ಟ್ಯೂಬನ್ನು ವೈದ್ಯೆಗೆ ತೋರಿಸಿದೆವು. ಅದರಲ್ಲಿಯೂ ಕ್ಲೋಬೆಟಸಾಲ್ ಇತ್ತು! ಜೊತೆಗೆ ಬೂಷ್ಟಿನ ಮದ್ದು, ಬ್ಯಾಕ್ಟೀರಿಯದ ಮದ್ದು ಎಲ್ಲ ಸೇರಿ ಒಂದು ಚಿತ್ರಾನ್ನ. ಹತ್ತು ದಿನ ಹಚ್ಚಿದಾಗ ಹಾಯೆನಿಸಿದ್ದು ಅದರಿಂದಲೇ. ನಿಲ್ಲಿಸಿದಾಗ ಮರಳಿದ್ದೂ ಅದರಿಂದಲೇ. ರೋಗ ಯಾವುದೆಂದು ಅರಿಯದೆ ಹಚ್ಚಿದ ಸರಿಯಾದ ಮದ್ದು ರೋಗದ ಗುರುತನ್ನೇ ಅಳಿಸುತ್ತದೆ. ಅದೇ ಟ್ಯೂಬನ್ನು ತೊಡೆಸಂದಿಯ ಹುಳುಕಡ್ಡಿಗೆ ಹಚ್ಚಿದರಂತೂ ಹುಳುಕಡ್ಡಿ ಅಂಗೈಯಗಲದಿಂದ ಸೊಂಟದವರೆಗೆ ಹಬ್ಬೀತು. ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಮಾಡಿತು. ಆದರೆ ಕೇಳಿ ಪಡೆಯುವ ಅಭ್ಯಾಸ ನಮ್ಮಲ್ಲಿ ಹೋಗಿಲ್ಲ.

ಇನ್ನೊಂದು ತೊಡಕು ವಿದ್ಯಾವಂತರದು. ಟ್ಯೂಬಿನ ಜೊತೆಗಿನ ಚೀಟಿಯಲ್ಲಿ ‘ಜನನಾಂಗದ ಮೇಲೆ ಹಚ್ಚಬಾರದು’ ಎಂಬರ್ಥದ ಎಚ್ಚರಿಕೆ ಇರುವುದುಂಟು. ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಅದನ್ನು ಓದಿ, ಮುಲಾಮನ್ನು ಕಪಾಟಿನಲ್ಲಿ ಬಚ್ಚಿಟ್ಟೇಬಿಟ್ಟರು! ವೈದ್ಯೆಗೆ ದೂರವಾಣಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಆ ಎಚ್ಚರಿಕೆ ಇತರ ತುರಿಕೆಗಳಿಗೆ ಸರಿ. ಈ ರೋಗಕ್ಕೆ, ವೈದ್ಯರ ಕಣ್ಗಾವಲಿನಲ್ಲಿ, ಅದೇ ಮುಖ್ಯ ಮದ್ದು.

ಮೂರನೆಯ ವಾರಕ್ಕೆ ಬಚ್ಚಲಿನ ದೀಪ ರಾತ್ರಿ ಉರಿಯುವುದು ನಿಂತಿತು. ಬಿಳುಪು ಪೂರ್ತಿ ಹೋಗಿಲ್ಲ, ಹೋಗಲೇಬೇಕೆಂದೂ ಇಲ್ಲ. ಈಗ ಅತ್ತೆಯವರು ಸೋಮವಾರ, ಗುರುವಾರ ರಾತ್ರಿ ಮುಲಾಮು ಹಚ್ಚುತ್ತಾರೆ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಕೈಗನ್ನಡಿ ಹಿಡಿದು, ಗಂಟೋ ಹುಣ್ಣೋ ಎದ್ದಿದೆಯೇ ಎಂದು ತಾವೇ ನೋಡಿಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಆ ಮೆಟ್ಟಿಲು ಹತ್ತುತ್ತಾರೆ. ಫಲಕದ ಕಡೆ ತಲೆಯೆತ್ತಿಯೂ ನೋಡುವುದಿಲ್ಲ.

ಕಳೆದ ಗೌರಿ ಹಬ್ಬದ ಬಾಗಿನ ಕೊಡಲು ಶಿವಮೊಗ್ಗದಿಂದ ಅವರ ತಂಗಿ ಬಂದಿದ್ದರು. ಊಟವಾದ ಮೇಲೆ ಅಕ್ಕತಂಗಿಯರಿಬ್ಬರೂ ನಡುಮನೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಅತ್ತೆಯವರು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದುದು ಕೇಳಿಸಿತು. ಬಳಿಕ ಬಹಳ ಹೊತ್ತು ಮಾತಿಲ್ಲ. ಆಮೇಲೆ ಚಿಕ್ಕತ್ತೆಯವರ ದನಿ: “ಅಕ್ಕಾ, ನನಗೂ ಹಾಗೇ ಇದೆ. ಅವರು ತೀರಿಕೊಂಡ ವರ್ಷದಿಂದ.”

ಅತ್ತೆಯವರು ನನ್ನನ್ನು ಕೂಗಿದರು. “ಆ ಡಾಕ್ಟರಮ್ಮನಿಗೆ ಫೋನು ಮಾಡು. ನಾಳೆ ಇವಳನ್ನೂ ಕರೆದುಕೊಂಡು ಬರುತ್ತೇನೆ ಅನ್ನು.”